ಜಡಿಮಳೆಗೂ ಮಾಸದ ಮನೆ ಅಲಂಕಾರ: ಮಲೆನಾಡಿನ ಮನೆಗಳಿಗೊಂದು ಕೈಪಿಡಿ

ಮೊಬೈಲಿನಲ್ಲಿ ಕಂಡ ಚೆಂದದ ಪಡಸಾಲೆಯ ಹಾಗೆಯೇ ತಮ್ಮ ಮನೆಯನ್ನೂ ಸಿಂಗರಿಸಿದವರಿಗೆ ಮಲೆನಾಡಿನಲ್ಲಿ ಮೊದಲ ಪರೀಕ್ಷೆ ಆರಿದ್ರಾ ಮಳೆಯಲ್ಲಿ. ಎರಡು ವಾರ ಬಿಸಿಲು ಕಾಣದಿದ್ದರೆ ಸಾಕು, ಚೌಕಟ್ಟಿನ ಹಿಂದೆ ಬೂಸ್ಟು ಹಬ್ಬುತ್ತದೆ, ಬುಟ್ಟಿಯ ಅಡಿಯಲ್ಲಿ ಹಿಟ್ಟಿನಂಥ ಪುಡಿ ಉದುರುತ್ತದೆ, ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ, ದಿಂಬಿನ ಕವಚ ಮುಗ್ಗಲು ವಾಸನೆ ಹೊಡೆಯುತ್ತದೆ. ಇದರಲ್ಲಿ ಮನೆಯವರ ಅಭಿರುಚಿಯ ತಪ್ಪೇನೂ ಇಲ್ಲ. ಆ ಚಿತ್ರದ ಮನೆ ಒಣ ಹವೆಯ ಊರಿನದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅಲ್ಲಿಂದ ಮೂಡಲಿಗೆ ಇಳಿದು ಶಿವಮೊಗ್ಗ ಪೇಟೆ, ಶಿಕಾರಿಪುರದ ಕಡೆ ಬಂದರೆ ಮಳೆ ಬಹಳ ಕಡಿಮೆ. ಹಾಗಾಗಿ ಒಂದೇ ಜಿಲ್ಲೆಯಲ್ಲೂ ತೀರ್ಥಹಳ್ಳಿಯ ಮನೆಗೆ ಒಪ್ಪದ ವಸ್ತು ಭದ್ರಾವತಿಯ ಮನೆಯಲ್ಲಿ ಹತ್ತು ವರ್ಷ ಬಾಳಬಹುದು.

ಒಂದು ವಸ್ತುವನ್ನು ಒಳಗೆ ತರುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಕಣ್ಣಿಗೆ ಹಿತವೇ? ಪುಷ್ಯ ಮಳೆಯಲ್ಲಿ ಇದರ ಗತಿ ಏನು? ಎರಡನೆಯದಕ್ಕೆ ಉತ್ತರ ಇಲ್ಲಿನ ಹಳೆಯ ಮನೆಗಳಲ್ಲಿ, ಇಲ್ಲಿನ ಕೈಕಸುಬುಗಳಲ್ಲೇ ಇದೆ. ಸ್ಫೂರ್ತಿಗೂ ಅಲ್ಲಿಗೇ ಹೋಗುವುದು ಲೇಸು.

ಗೋಡೆಯನ್ನು ಮೊದಲು ವಿಚಾರಿಸಿ

ಅಲಂಕಾರದ ಅರ್ಧ ಸೋಲು ಗೋಡೆಯಿಂದ ಬರುತ್ತದೆ. ಯಾವ ಗೋಡೆಯ ಮೇಲೆ ಏನನ್ನಾದರೂ ತೂಗುಹಾಕಬೇಕೆಂದಿದ್ದೀರೋ ಅಲ್ಲಿ ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗಾಳಿಯಾಡದಂತೆ ಅಂಟಿಸಿ, ಎರಡು ದಿನ ಬಿಡಿ. ಬಿಚ್ಚಿದಾಗ ಹಾಳೆಯ ಒಳಮುಖ, ಅಂದರೆ ಗೋಡೆಯ ಕಡೆ, ಒದ್ದೆಯಾಗಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಮುಖದಲ್ಲಿ ಮಾತ್ರ ಹನಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ. ಮೊದಲನೆಯದಾದರೆ ಹೊರಗೋಡೆಯ ಬಿರುಕು, ಸೋರುವ ಹೆಂಚು, ಮಣ್ಣು ಮುಚ್ಚಿದ ಅಡಿಪಾಯ ಸರಿಪಡಿಸುವ ತನಕ ಆ ಗೋಡೆಗೆ ಏನನ್ನೂ ಹಾಕಬೇಡಿ. ಎರಡನೆಯದಾದರೆ ಕಿಟಕಿ ತೆರೆಯುವುದು, ಫ್ಯಾನ್ ಓಡಿಸುವುದು, ಒದ್ದೆ ಬಟ್ಟೆಯನ್ನು ಆ ಕೋಣೆಯಲ್ಲಿ ಒಣಹಾಕದಿರುವುದು, ಇಷ್ಟರಿಂದಲೇ ಬಹಳಷ್ಟು ಸರಿಹೋಗುತ್ತದೆ. ಈ ಪರೀಕ್ಷೆಯನ್ನು ಮಾರ್ಚಿಯಲ್ಲಿ ಮಾಡಿ ಸಮಾಧಾನಪಟ್ಟುಕೊಂಡರೆ ಪ್ರಯೋಜನವಿಲ್ಲ. ಜುಲೈ ತಿಂಗಳಲ್ಲಿ ಮಾಡಿ.

ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಇರುವವರು ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಒಳಗಿನ ತೇವ ಹೊರಬರಲು ದಾರಿ ಸಿಗದೆ ಬಣ್ಣ ಗುಳ್ಳೆ ಎದ್ದು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಂಥ ಗೋಡೆಗೆ ಸುಣ್ಣವೇ ಸರಿ. ಒಂದು ಕೆ.ಜಿ. ಸುಣ್ಣಕ್ಕೆ ಸುಮಾರು 5 ಲೀಟರ್ ನೀರು ಹಾಕಿ ಒಂದು ದಿನ ನೆನೆಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಮೂರು ಸಲ ಬಳಿಯಿರಿ. ಪ್ರತಿ ಸಲ ಬಳಿಯುವ ಮುಂಚೆ ಗೋಡೆಗೆ ನೀರು ಚಿಮುಕಿಸಿ. ಒಣಗೋಡೆಗೆ ಬಳಿದ ಸುಣ್ಣ ಹಿಡಿಯದೆ ಕೈಗೆ ಅಂಟುತ್ತದೆ. ಸುಣ್ಣದ ಹನಿ ಕಣ್ಣಿಗೆ ಹಾರಿದರೆ ದೊಡ್ಡ ಅಪಾಯ, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ.

ಮೊಳೆಯ ವಿಷಯ. ಜಂಬಿಟ್ಟಿಗೆಗೆ ನೇರವಾಗಿ ಮೊಳೆ ಹೊಡೆದರೆ ಕಲ್ಲು ಪುಡಿಯಾಗಿ ತೂತು ದೊಡ್ಡದಾಗುತ್ತದೆಯೇ ಹೊರತು ಮೊಳೆ ನಿಲ್ಲುವುದಿಲ್ಲ. ಡ್ರಿಲ್ಲಿನ ಹ್ಯಾಮರ್ ಗುಂಡಿಯನ್ನು ಬಂದ್ ಮಾಡಿ, 8 ಮಿ.ಮೀ. ತೂತು 5 ಸೆಂ.ಮೀ. ಆಳಕ್ಕೆ ಕೊರೆದು, ಪುಡಿ ಊದಿ ತೆಗೆದು, ಪ್ಲಗ್ ಕೂರಿಸಿ, ಸ್ಕ್ರೂ ಹಾಕಿ. ಮಣ್ಣಿನ ಗೋಡೆಗೆ ಇದೂ ಬೇಡ. ತೊಲೆಗೆ ಒಂದು ಮರದ ಪಟ್ಟಿ ಬಿಗಿದು ಅದರಿಂದ ಹುರಿಯಲ್ಲಿ ಇಳಿಬಿಟ್ಟರೆ ಗೋಡೆಗೆ ಗಾಯವಿಲ್ಲ, ನೋಟಕ್ಕೂ ಒಂದು ಗಾಂಭೀರ್ಯ.

ನೋಡಿ ಬರಲು ಎಲ್ಲಿಗೆ ಹೋಗಬೇಕು

ಶಿವಮೊಗ್ಗದಲ್ಲಿ ತುಂಗೆಯ ದಡದ ಶಿವಪ್ಪ ನಾಯಕನ ಅರಮನೆ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ, ಸಾಗರದ ಹತ್ತಿರ ಕೆಳದಿಯ ರಾಮೇಶ್ವರ ದೇವಸ್ಥಾನ ಮತ್ತು ಅಲ್ಲಿನ ವಸ್ತುಸಂಗ್ರಹಾಲಯ. ಈ ನಾಲ್ಕೂ ಕಡೆ ಮರ, ಬೆಳಕು ಮತ್ತು ಖಾಲಿ ಜಾಗ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂದು ನಿಧಾನವಾಗಿ ನೋಡಿ. ಕವಿಮನೆಯಲ್ಲಿ ತೊಟ್ಟಿಯ ಸುತ್ತ ನಿಂತ ಕಂಬಗಳ ನಡುವಿನ ಅಂತರವನ್ನು ಹೆಜ್ಜೆಯಲ್ಲಿ ಅಳೆಯಿರಿ. ಅಂಗಳದ ಬೆಳಕು ಎಷ್ಟು ದೂರ ಒಳಗೆ ಬರುತ್ತದೆ, ನೆಲದ ಬಣ್ಣ ಎಷ್ಟು ಗಾಢ, ಗೋಡೆ ಎಷ್ಟು ಸರಳ, ಇವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಕೆಳದಿಯಲ್ಲಿ ತಲೆ ಎತ್ತಿ ಛಾವಣಿಯ ಗಂಡಭೇರುಂಡ ನೋಡಿ. ಸುತ್ತ ಬಿಟ್ಟಿರುವ ಜಾಗದಿಂದಲೇ ಆ ಒಂದು ಆಕೃತಿಗೆ ಅಷ್ಟು ತೂಕ ಬಂದಿದೆ. ಮನೆಯ ಗೋಡೆಗೂ ಇದೇ ನ್ಯಾಯ. ಒಂದು ದೊಡ್ಡದು, ಸುತ್ತ ಬಯಲು.

ಹಳೆಯ ಮನೆಗಳ ಗೋಡೆಯ ಬುಡಕ್ಕೆ ಎರಡು ಮೂರು ಅಡಿ ಎತ್ತರಕ್ಕೆ ಕೆಮ್ಮಣ್ಣು ಬಳಿದು ಮೇಲೆ ಸುಣ್ಣ ಬಳಿದಿರುವುದನ್ನು ಗಮನಿಸಿರಬಹುದು. ಸೂರಿನಿಂದ ಇಳಿಯುವ ನೀರು ಸಿಡಿದು ಮಣ್ಣಿನ ಕಲೆ ಬೀಳುವ ಜಾಗ ಅದು. ಕಲೆಯ ಬಣ್ಣವನ್ನೇ ಗೋಡೆಗೂ ಬಳಿದರೆ ಕಲೆ ಕಾಣದು. ಇಂಥ ಕಾರಣ ಗೊತ್ತಾದಾಗ ಅಲಂಕಾರ ತನ್ನಿಂದ ತಾನೇ ಹೊಳೆಯುತ್ತದೆ. ಜಗಲಿಯ ಗೋಡೆಗೆ, ಮೆಟ್ಟಿಲಿನ ಪಕ್ಕಕ್ಕೆ, ಮಕ್ಕಳು ಕೈ ಒರಗಿಸುವ ಓಣಿಗೆ ಇದೇ ಎರಡು ಬಣ್ಣದ ಪಟ್ಟಿ ಇಂದಿನ ಕಾಂಕ್ರೀಟು ಮನೆಯಲ್ಲೂ ಚೆನ್ನಾಗಿ ಒಪ್ಪುತ್ತದೆ. ಪಟ್ಟಿಯ ಎತ್ತರ ಗೋಡೆಯ ಮೂರನೇ ಒಂದು ಭಾಗ ಮೀರದಿರಲಿ, ಮೀರಿದರೆ ಕೋಣೆ ಕುಳ್ಳಗೆ ಕಾಣುತ್ತದೆ.

ನೋಡಿ ಬಂದ ಮೇಲೆ ನಿಮ್ಮ ಕೋಣೆಯ ಫೋಟೋ ತೆಗೆಯಿರಿ. ಬಾಗಿಲಲ್ಲಿ ನಿಂತು, ಬೆಳಿಗ್ಗೆ 9ಕ್ಕೆ ಒಂದು, ಸಂಜೆ 4ಕ್ಕೆ ಒಂದು, ದೀಪ ಹಚ್ಚಿದ ಮೇಲೆ ಒಂದು. ಕಣ್ಣು ಪಳಗಿ ಬಿಟ್ಟಿದ್ದರಿಂದ ಕಾಣದ ಗೊಂದಲ ಫೋಟೋದಲ್ಲಿ ತಟ್ಟನೆ ಕಾಣುತ್ತದೆ. ಜೋತುಬಿದ್ದ ವೈರು, ಮೂರು ಕ್ಯಾಲೆಂಡರು, ಅಲಮಾರಿನ ಮೇಲಿನ ಅಟ್ಟೆಪೆಟ್ಟಿಗೆ. ಮೊದಲು ಇವನ್ನು ತೆಗೆಯಿರಿ. ಹೊಸದೇನನ್ನೂ ತರದೆ ಒಂದು ವಾರ ಹಾಗೇ ಇರಿ. ಆಮೇಲೆ ಎಲ್ಲಿ ಖಾಲಿ ಎನಿಸುತ್ತದೋ ಅಲ್ಲಿಗೆ ಮಾತ್ರ ವಸ್ತು ಬೇಕು.

ಬಣ್ಣ ಆರಿಸುವಾಗ ನೆಲ ಮತ್ತು ಮರ ಆಗಲೇ ಎರಡು ಬಣ್ಣ ಕೊಟ್ಟಿವೆ ಎಂಬುದು ನೆನಪಿರಲಿ. ಕಾವಿ ನೆಲ, ಕಪ್ಪು ತಿರುಗಿದ ಮರ ಇದ್ದಲ್ಲಿ ಮೂರನೆಯದಾಗಿ ಒಂದೇ ಬಣ್ಣ ಸೇರಿಸಿ. ಅರಿಶಿನದ ಹಳದಿಯಾದರೆ ಮೋಡದ ದಿನಗಳಲ್ಲೂ ಕೋಣೆ ಬೆಚ್ಚಗಿರುತ್ತದೆ. ಹಸಿರು ಗೋಡೆಯನ್ನು ಮಾತ್ರ ಮಲೆನಾಡಿನಲ್ಲಿ ನಾವು ಶಿಫಾರಸು ಮಾಡುವುದಿಲ್ಲ. ಕಿಟಕಿಯಾಚೆ ಅಷ್ಟು ಹಸಿರಿರುವಾಗ ಒಳಗಿನ ಹಸಿರು ಸಪ್ಪೆ, ಮಳೆಗಾಲದ ಬೆಳಕಿನಲ್ಲಂತೂ ಪಾಚಿಯ ಬಣ್ಣಕ್ಕೆ ತಿರುಗುತ್ತದೆ.

ಬೆಳಕು

ಮಾಡು ಇಳಿಜಾರು, ಸೂರು ತಗ್ಗು, ಸುತ್ತ ತೋಟ. ಮಲೆನಾಡಿನ ಮನೆ ಕತ್ತಲೆ ಎನ್ನುವುದಕ್ಕೆ ಇದೇ ಕಾರಣ. ಹೆಂಚಿನ ಮನೆಯಾದರೆ ನಡುಮನೆಯ ಮೇಲೆ ಎರಡು ಮೂರು ಗಾಜಿನ ಹೆಂಚು ಕೂರಿಸುವುದು ಬೇರೆ ಯಾವ ಅಲಂಕಾರಕ್ಕಿಂತ ಹೆಚ್ಚಿನ ಫಲ ಕೊಡುತ್ತದೆ. ಪಕ್ಕದ ಹೆಂಚಿನ ಅಳತೆ, ಅಚ್ಚು ಎರಡೂ ಹೊಂದುವಂಥದ್ದೇ ತನ್ನಿ. ಅಚ್ಚು ಬೇರೆಯಾದರೆ ಸೇರುವಲ್ಲಿ ಸಂದು ಉಳಿದು ಸೋರುತ್ತದೆ. ಅದರ ಬಿಸಿಲು ಬೀಳುವ ಜಾಗದಲ್ಲಿ ಬಣ್ಣದ ಬಟ್ಟೆ, ಚಿತ್ರ ಇಡಬೇಡಿ, ಬೇಸಿಗೆ ಮುಗಿಯುವುದರೊಳಗೆ ಮಾಸುತ್ತವೆ.

ಬಲ್ಬು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಕೆಲ್ವಿನ್ ಅಂಕಿ ಓದಿ. 2700ರಿಂದ 3000 ಇದ್ದರೆ ದೀಪದ ಹಳದಿ ಬೆಳಕು. 6500 ಇದ್ದರೆ ನೀಲಿ ಬಿಳುಪು, ಕಾವಿ ನೆಲವನ್ನೂ ಹಿತ್ತಾಳೆಯನ್ನೂ ಸತ್ತ ಬಣ್ಣಕ್ಕೆ ತರುತ್ತದೆ. ಓದುವ ಮೇಜು, ಅಡುಗೆ ಕಟ್ಟೆಗೆ 4000 ಇರಲಿ. ಛಾವಣಿಯ ನಡುವಿನ ಒಂದು ದೊಡ್ಡ ಟ್ಯೂಬಿಗಿಂತ ಮೂಲೆಯಲ್ಲೊಂದು, ಕಂಬದ ಬಳಿಯೊಂದು, ಹೀಗೆ 5ರಿಂದ 7 ವ್ಯಾಟಿನ ಎರಡು ಮೂರು ಎಲ್‌ಇಡಿ ಹಂಚಿದರೆ ಗೋಡೆಯ ಉಬ್ಬುತಗ್ಗು, ಮರದ ಕೆತ್ತನೆ ಜೀವ ತಳೆಯುತ್ತವೆ.

ಚಿತ್ತಾರದ ಹಲಗೆ

ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳ ಕೈಯಲ್ಲಿ ಉಳಿದು ಬಂದಿರುವ ಹಸೆ ಚಿತ್ತಾರ ಈ ನಾಡಿನ ಅತಿ ಚೆಲುವಾದ ಗೋಡೆ ಅಲಂಕಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಬರೆಯಲು ಪುಂಡಿನಾರಿನ ಕುಂಚ. ಮದುವೆಯ ಮನೆಯಲ್ಲಿ ಹಸೆಗೋಡೆಗೆ ಬರೆಯುವ ಈ ಚಿತ್ತಾರ ಆ ಜನರಿಗೆ ಪೂಜೆಯ ವಸ್ತುವೂ ಹೌದು. ಆದ್ದರಿಂದ ಬಲ್ಲವರಿಂದಲೇ ಬರೆಸಿ ಕೊಳ್ಳುವುದು ಮೊದಲ ಆಯ್ಕೆಯಾಗಲಿ, ಬೆಲೆಯಲ್ಲಿ ಚೌಕಾಸಿ ಬೇಡ. ಸಾವಿರಾರು ಗೆರೆಗಳನ್ನು ಕೈ ನಡುಗದೆ ಎಳೆಯುವ ಕೆಲಸ ಅದು. ಸ್ವತಃ ಕಲಿಯಬೇಕೆನ್ನುವವರು ಗೋಡೆಗೆ ಹೋಗುವ ಮುಂಚೆ ಹಲಗೆಯ ಮೇಲೆ ಬರೆಯಿರಿ. ಕ್ರಮ ಹೀಗೆ:

1. ಎರಡಡಿ ಚೌಕದ, 12 ಮಿ.ಮೀ. ದಪ್ಪದ ಮರೈನ್ ಪ್ಲೈವುಡ್ ತನ್ನಿ. ಅದರ ಮೇಲೆ ಐಎಸ್ 710 ಎಂಬ ಮುದ್ರೆ ಇರಬೇಕು. ಎಂಡಿಎಫ್ ಹಲಗೆ ಮಲೆನಾಡಿಗೆ ಬೇಡವೇ ಬೇಡ, ತೇವ ಕುಡಿದು ಅಂಚು ಉಬ್ಬುತ್ತದೆ. ಮುಂದೆ, ಹಿಂದೆ, ನಾಲ್ಕೂ ಅಂಚಿಗೆ ಪ್ರೈಮರ್ ಹಚ್ಚಿ. ಒಂದೇ ಮುಖಕ್ಕೆ ಹಚ್ಚಿದರೆ ಹಿಂಬದಿ ಮಾತ್ರ ತೇವ ಎಳೆದುಕೊಂಡು ಹಲಗೆ ಸೊಟ್ಟಗಾಗುತ್ತದೆ.

2. ಅರ್ಧ ಕೆ.ಜಿ. ಕೆಮ್ಮಣ್ಣನ್ನು 2 ಲೀಟರ್ ನೀರಿನಲ್ಲಿ ಕದಡಿ, ಒಂದು ನಿಮಿಷ ಬಿಟ್ಟು, ಮರಳು ತಳ ಕಂಡ ಮೇಲೆ ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಇನ್ನೊಂದು ಪಾತ್ರೆಗೆ ಸೋಸಿ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆಗೆ ತಿಳಿನೀರು ಮೇಲೆ, ಬೆಣ್ಣೆಯಂಥ ಮಣ್ಣು ಕೆಳಗೆ. ತಿಳಿನೀರು ಬಸಿಯಿರಿ.

3. ಆ ಮಣ್ಣು ಒಂದು ಬಟ್ಟಲಿಗೆ ಎರಡು ದೊಡ್ಡ ಚಮಚ ಮರದ ಅಂಟು (ಫೆವಿಕಾಲ್) ಸೇರಿಸಿ, ನೀರು ಬೆರೆಸಿ, ತೆಳ್ಳಗೆ ಮೂರು ಸಲ ಬಳಿಯಿರಿ. ಒಂದೊಂದಕ್ಕೂ ನಾಲ್ಕು ಗಂಟೆ ಒಣಗಲು ಬಿಡಿ. ಬಿಳಿ ಬಟ್ಟೆಯಲ್ಲಿ ಉಜ್ಜಿದಾಗ ಬಣ್ಣ ಬಂದರೆ ಅಂಟು ಸಾಲದು. ಹಲಗೆ ಮಿರಿಮಿರಿ ಹೊಳೆದರೆ ಅಂಟು ಹೆಚ್ಚಾಯಿತು. ಬಿರುಕು ಬಿಟ್ಟರೆ ದಪ್ಪವಾಗಿ ಬಳಿದಿದ್ದೀರಿ ಎಂದರ್ಥ, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಶುರು ಮಾಡಿ.

4. ಅಂಚಿಗೆ 5 ಸೆಂ.ಮೀ. ಬಿಟ್ಟು, ಸೀಮೆಸುಣ್ಣ ಸವರಿದ ದಾರವನ್ನು ಬಿಗಿಹಿಡಿದು ಬಡಗಿಗಳ ಹಾಗೆ ಹೊಡೆದು 5 ಸೆಂ.ಮೀ. ಚೌಕಗಳ ಜಾಲ ಹಾಕಿ. ಎರಡಡಿ ಹಲಗೆಗೆ ಹತ್ತು ಸಾಲು, ಹತ್ತು ಕಂಬಸಾಲು ಬರುತ್ತದೆ.

5. ಮೊದಲು ಹೊರಚೌಕಟ್ಟಿನ ಜೋಡಿಗೆರೆಗಳು, ಆಮೇಲೆ ಒಳಗಿನ ದೊಡ್ಡ ವಿಭಾಗಗಳು, ಕೊನೆಗೆ ತುಂಬುವ ಸಣ್ಣ ಗೆರೆಗಳು. ಗೆರೆಯ ದಪ್ಪ 2 ಮಿ.ಮೀ. ಮೀರಬಾರದು. ನಾರಿನ ಕುಂಚವನ್ನು ಹಲಗೆಯ ಮೇಲೆ ಮಲಗಿಸಿ ನಿಮ್ಮ ಕಡೆಗೆ ಎಳೆಯಿರಿ, ತಳ್ಳಬೇಡಿ. ಉದ್ದನೆಯ ನಾರು ತಾನೇ ನೇರ ನಡೆಯುತ್ತದೆ. ತಪ್ಪಿದರೆ ಅರ್ಧ ನಿಮಿಷದೊಳಗೆ ಒದ್ದೆ ಬಟ್ಟೆಯ ತುದಿಯಿಂದ ಒತ್ತಿ ತೆಗೆಯಿರಿ.

ಬಿಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ವರ್ಷ ವರ್ಷ ಹೊಸದಾಗಿ ಬರೆಯುವ ಗೋಡೆಗೆ ಅಕ್ಕಿಹಿಟ್ಟೇ ಸರಿ, ಅದಕ್ಕಿರುವ ಮೃದು ಬಿಳುಪು ಬೇರೆ ಯಾವುದಕ್ಕೂ ಇಲ್ಲ. ರಾತ್ರಿ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಿ ಬಳಸಿ. ಚೌಕಟ್ಟು ಹಾಕಿ ಬಹುಕಾಲ ಇಡುವ ಹಲಗೆಗೆ ಮಾತ್ರ ಅಕ್ಕಿ ಬೇಡ. ಜಿರಳೆ, ಬೆಳ್ಳಿಹುಳ ಅದನ್ನು ತಿನ್ನುತ್ತವೆ, ತೇವಕ್ಕೆ ಬೂಸ್ಟು ಮೊದಲು ಅಲ್ಲೇ ಹಿಡಿಯುತ್ತದೆ. ಅದಕ್ಕೆ ಶೇಡಿಮಣ್ಣು ಅಥವಾ ಸೀಮೆಸುಣ್ಣದ ಪುಡಿ 50 ಗ್ರಾಂಗೆ ಒಂದು ದೊಡ್ಡ ಚಮಚ ಅಂಟು ಸೇರಿಸಿ ನೀರ್‌ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಒಣಗಿ ಎರಡು ದಿನವಾದ ಮೇಲೆ ನೀರಿನಲ್ಲಿ ಕರಗುವ ಜಾತಿಯ, ಹೊಳಪಿಲ್ಲದ ವಾರ್ನಿಷ್ ಒಂದು ಸಲ ಹಚ್ಚಿ. ಎಣ್ಣೆಯ ವಾರ್ನಿಷ್ ಹಚ್ಚಿದರೆ ವರ್ಷದಲ್ಲಿ ಬಿಳಿ ಹಳದಿಯಾಗುತ್ತದೆ.

ತೂಗುಹಾಕುವಾಗ ಹಲಗೆಯ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರದಲ್ಲಿರಲಿ. ಕಟ್ಟೆಯ ಮೇಲೆ, ಚಾಪೆಯ ಮೇಲೆ ಕೂರುವ ಜಗಲಿಯಾದರೆ 115 ಸೆಂ.ಮೀ. ಸಾಕು, ಕುಳಿತವರ ಕಣ್ಣಿಗೆ ನೇರ ಸಿಗಬೇಕು. ಕೆಳಗೊಂದು ಬೆಂಚು ಇದ್ದರೆ ಚೌಕಟ್ಟಿನ ಅಗಲ ಅದರ ಮೂರನೇ ಎರಡು ಭಾಗದಷ್ಟಿದ್ದರೆ ಹೊಂದುತ್ತದೆ. ಹಿಂಬದಿಯ ನಾಲ್ಕು ಮೂಲೆಗೆ ಒಂದು ಸೆಂ.ಮೀ. ದಪ್ಪದ ರಬ್ಬರು ಅಥವಾ ಬಿರಡೆ ಚೂರು ಅಂಟಿಸಿ. ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡಿದರೆ ಬೂಸ್ಟಿನ ಮುಕ್ಕಾಲು ಕಾಟ ತಪ್ಪುತ್ತದೆ. ಮನೆಯಲ್ಲಿರುವ ಎಲ್ಲ ಫೋಟೋಗಳಿಗೂ ಇದನ್ನು ಮಾಡಿ.

ಬುಟ್ಟಿ, ಮೊರ, ಬೆತ್ತ

ಭೂಮಿ ಹುಣ್ಣಿಮೆಗೆ ಬಯಲಿನ ದೇವಿಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ನೋಡಿದವರಿಗೆ ಬುಟ್ಟಿಯೊಂದು ಎಷ್ಟು ಚೆಲುವಾಗಬಲ್ಲದು ಎಂದು ಬೇರೆ ಹೇಳಬೇಕಿಲ್ಲ. ಬಿದಿರ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಮೇಲೆ ಅಕ್ಕಿಹಿಟ್ಟಿನ ಚಿತ್ತಾರ. ಹಬ್ಬ ಮುಗಿದ ಮೇಲೆ ಅದನ್ನು ಅಟ್ಟಕ್ಕೆ ಸೇರಿಸುವ ಬದಲು ನಡುಮನೆಯ ಗೂಡಿನಲ್ಲೋ ಮೆಟ್ಟಿಲ ಪಕ್ಕದಲ್ಲೋ ಇಟ್ಟರೆ ಮುಂದಿನ ಮಳೆಗಾಲದ ತನಕ ಮನೆಗೆ ಕಳೆ. ಮಳೆಗೆ ಮುಂಚೆ ಹಿಟ್ಟಿನ ಚಿತ್ರ ಒರೆಸಿ ತೆಗೆದು ಬುಟ್ಟಿ ಒಣಗಿಸಿಡಿ, ಹಬ್ಬಕ್ಕೆ ಮತ್ತೆ ಬರೆಯಬಹುದು.

ಸಂತೆಯಲ್ಲಿ, ಮೇದಾರರ ಕೇರಿಯಲ್ಲಿ ಬುಟ್ಟಿ ಕೊಳ್ಳುವಾಗ ಅದನ್ನು ತಲೆಕೆಳಗು ಮಾಡಿ ಅಂಗೈ ಮೇಲೆ ಎರಡು ಬಾರಿ ತಟ್ಟಿ. ಹಿಟ್ಟಿನಂಥ ಹಳದಿ ಪುಡಿ ಉದುರಿದರೆ ಕುಟ್ಟೆ ಹುಳು ಆಗಲೇ ಸೇರಿದೆ. ಈ ಹುಳು ತಿನ್ನುವುದು ಬಿದಿರಿನೊಳಗಿನ ಪಿಷ್ಟವನ್ನು. ಎಳೆ ಬಿದಿರು, ಹೊಸ ಕಳಲೆ ಏಳುವ ಹೊತ್ತಿಗೆ ಕಡಿದ ಬಿದಿರು ಬೇಗ ಕೆಡುವುದೂ, ಕಡಿದ ಬಿದಿರನ್ನು ಹಳ್ಳದ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಿದ್ದುದೂ ಇದೇ ಕಾರಣಕ್ಕೆ. ಹಿಂದೆ ಒಲೆಯ ಮೇಲಿನ ಅಟ್ಟದ ಹೊಗೆ ಬುಟ್ಟಿ ಮೊರಗಳನ್ನು ಕಾಯುತ್ತಿತ್ತು. ಗ್ಯಾಸಿನ ಒಲೆಯ ಮನೆಯಲ್ಲಿ ಆ ಕಾವಲು ಇಲ್ಲ, ನಾವೇ ಮದ್ದು ಮಾಡಬೇಕು.

ಬೆಚ್ಚಗಿನ ನೀರು 2 ಲೀಟರ್, ಬೊರಾಕ್ಸ್ ಅಂದರೆ ಬಿಳಿಗಾರ 60 ಗ್ರಾಂ, ಬೋರಿಕ್ ಪುಡಿ 40 ಗ್ರಾಂ. ಇದು ಸುಮಾರು 5 ಶೇಕಡಾ ದ್ರಾವಣ. ಬುಟ್ಟಿ ಮುಳುಗಲು ಎಷ್ಟು ಬೇಕೋ ಅದೇ ಲೆಕ್ಕದಲ್ಲಿ ಹೆಚ್ಚಿಸಿಕೊಳ್ಳಿ. ಎಣ್ಣೆ, ಬಣ್ಣ ಹಚ್ಚದ ಹೊಸ ಬುಟ್ಟಿಯನ್ನು ಮೇಲೊಂದು ಕಲ್ಲಿಟ್ಟು ಇಡೀ ಒಂದು ದಿನ ಮುಳುಗಿಸಿ, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ. ನೇರ ಬಿಸಿಲಿಗೆ ಇಟ್ಟರೆ ಎಳೆ ಸೀಳುತ್ತದೆ. ಆಮೇಲೆ ಬೇಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಿ, ಯಾಕೆಂದರೆ ಈ ಉಪ್ಪುಗಳು ನೀರಿಗೆ ಮತ್ತೆ ಕರಗಿ ಹೋಗುತ್ತವೆ, ಮೇಲೊಂದು ಹೊದಿಕೆ ಬೇಕು. ಎರಡು ಎಚ್ಚರಿಕೆ. ಹೀಗೆ ಮದ್ದು ಮಾಡಿದ ಬುಟ್ಟಿಯಲ್ಲಿ ಹಣ್ಣು, ತಿಂಡಿ ಇಡಬಾರದು, ದ್ರಾವಣ ಮಕ್ಕಳ ಕೈಗೆ ಸಿಗಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ಅದು ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ, ಬಯಲಲ್ಲಿ ಹರಡಿ ಒಣಗಿಸಿದ ಮೇಲೆ ಎಸೆಯಿರಿ. ಗೇರೆಣ್ಣೆಯೂ ಗೆದ್ದಲಿಗೆ ಒಳ್ಳೆಯ ತಡೆ, ಆದರೆ ಹಸಿ ಇರುವಾಗ ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ಅದನ್ನು ಕೈ ತಾಗದ ಪಕಾಸಿ (ಮಾಡಿನ ಮರದ ಪಟ್ಟಿ), ಚೌಕಟ್ಟಿನ ಹಿಂಬದಿಗೆ ಮಾತ್ರ ಇಟ್ಟುಕೊಳ್ಳಿ.

ಬುಟ್ಟಿಯನ್ನು ಕವುಚಿ ದೀಪದ ಮರೆ ಮಾಡುವುದು ಸುಲಭ. ಅಗಲ 30ರಿಂದ 35 ಸೆಂ.ಮೀ. ಇರುವ, ಹೆಣಿಗೆ ಸಡಿಲವಾದ ಬುಟ್ಟಿ ಆರಿಸಿ. ತಳದ ನಡುವೆ ಹೋಲ್ಡರ್ ತೂರುವಷ್ಟು ಎಳೆಗಳನ್ನು ಕತ್ತರಿಸುವ ಮುಂಚೆ ಸುತ್ತ ತಾಮ್ರದ ತಂತಿಯಿಂದ ಹೊಲಿಗೆ ಹಾಕಿ, ಇಲ್ಲವಾದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಭಾರ ಹೊರಬೇಕಾದ್ದು ವೈರಲ್ಲ, ಬೇರೆ ಸರಪಳಿ ಅಥವಾ ಹುರಿ. ಬಲ್ಬು 7 ವ್ಯಾಟಿನೊಳಗಿನ ಎಲ್‌ಇಡಿ ಆಗಿರಲಿ, ಎಳೆಗಳಿಂದ ಅದಕ್ಕೆ ಕನಿಷ್ಠ 5 ಸೆಂ.ಮೀ. ದೂರ ಇರಲಿ. ಹಳೆಯ ತಂತಿ ಬಲ್ಬು ಹಾಕಿದರೆ ಬೆಂಕಿಯ ಭಯ. ದೊಡ್ಡ ಮೊರ ಎರಡು, ಚಿಕ್ಕದು ಮೂರು ಸೇರಿಸಿ ಗೋಡೆಯ ಮೇಲೆ ಹರಡುವುದೂ ಚೆಂದವೇ. ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ನಡುವೆ ನಾಲ್ಕು ಬೆರಳು ಅಂತರ ಬಿಟ್ಟು, ಆಮೇಲೆ ಗೋಡೆಗೆ ಏರಿಸಿ.

ಹಿತ್ತಾಳೆ, ತಾಮ್ರ

ಅಟ್ಟದ ಮೇಲಿನ ಕೊಪ್ಪರಿಗೆ, ಹಂಡೆ, ಗಿಂಡಿ, ತೂಗುದೀಪ ಇಳಿಸಿ ನೋಡದೆ ಪೇಟೆಯಲ್ಲಿ ಹೊಸದು ಕೊಳ್ಳಬೇಡಿ. ದೊಡ್ಡವು ಮೂರು ಸಾಕು. ಹದಿನೈದು ಸಣ್ಣವನ್ನು ಸಾಲಾಗಿಟ್ಟರೆ ಮಳೆಗಾಲದಲ್ಲಿ ಉಜ್ಜುವ ಕೆಲಸವೇ ಒಂದು ಉದ್ಯೋಗವಾಗುತ್ತದೆ. ನೆನೆಸಿದ ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಉಜ್ಜಿ, ಐದು ನಿಮಿಷದೊಳಗೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೋ ಹೊಡಸಲ (ಬೆಂಕಿಗೂಡಿನ) ಕಾವಿಗೋ ಇಟ್ಟು ಪೂರ್ತಿ ಒಣಗಿಸಿ. ಹುಳಿಯನ್ನು ಬಹಳ ಹೊತ್ತು ಹಾಗೇ ಬಿಟ್ಟರೆ ಹಿತ್ತಾಳೆಯ ಮೇಲೆ ಗುಲಾಬಿ ಬಣ್ಣದ ಮಚ್ಚೆ ಏಳುತ್ತದೆ. ಮೇಲ್ಪದರದ ಸತು ಕರಗಿ ತಾಮ್ರ ಉಳಿದದ್ದರ ಗುರುತು ಅದು, ತಿಕ್ಕಿ ತಿಕ್ಕಿ ತೆಗೆಯಬೇಕಾಗುತ್ತದೆ. ನೀರಿನ ಹನಿ ಉಳಿದಲ್ಲೇ ಕಪ್ಪು ಚುಕ್ಕಿ ಬೀಳುವುದು.

ಉರುಳಿಯಲ್ಲಿ ನೀರು ತುಂಬಿ ಹೂ ತೇಲಿಬಿಡುವವರು ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಒಳಬದಿಯನ್ನು ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ಮೊಟ್ಟೆ ಅಂಟಿರುವುದು ಪಾತ್ರೆಯ ಗೋಡೆಗೆ. ಬರೀ ನೀರು ಬದಲಿಸಿದರೆ ಸಾಲದು.

ಸಾಗರ, ಸೊರಬದ ಗುಡಿಗಾರರ ಕೆತ್ತನೆ ಕೊಳ್ಳುವ ಆಸೆಯಿದ್ದರೆ ಶ್ರೀಗಂಧದ್ದನ್ನು ಬಿಲ್ಲಿಲ್ಲದೆ ಕೊಳ್ಳಬೇಡಿ. ಬೇರೆ ಮರಕ್ಕೆ ಗಂಧದೆಣ್ಣೆ ಸವರಿ ಮಾರುವುದುಂಟು. ಮೇಲೆ ಮಾತ್ರ ಘಮಘಮ, ಕೆಳಗಿನ ಮೂಲೆಯಲ್ಲಿ ಉಗುರಿನಿಂದ ಕೆರೆದಾಗ ವಾಸನೆ ಇಲ್ಲವೆಂದರೆ ಅನುಮಾನಿಸಿ. ಕೆತ್ತನೆಯ ಸಂದಿನ ದೂಳಿಗೆ ಒಣ ಬಣ್ಣದ ಕುಂಚ ಸಾಕು, ಒದ್ದೆ ಬಟ್ಟೆ ತಾಗಿಸಬೇಡಿ.

ಬಟ್ಟೆ

ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಂಘದ ಕೈಮಗ್ಗದ ಬಟ್ಟೆ ತಯಾರಾಗುತ್ತದೆ. ಅಡಿಕೆ ಬೇಯಿಸಿದ ಚೊಗರಿನಿಂದಲೂ ಬಣ್ಣ ಕಟ್ಟುತ್ತಾರೆ. ಆ ಕೆಂಗಂದು ಬಣ್ಣ ಮಲೆನಾಡಿನ ಮರಕ್ಕೂ ನೆಲಕ್ಕೂ ಹೇಳಿ ಮಾಡಿಸಿದ್ದು. ಇಂಥ ಬಟ್ಟೆಯನ್ನು ಅಂಟುವಾಳದ ನೀರಿನಲ್ಲೋ ಸೌಮ್ಯ ಸೋಪಿನಲ್ಲೋ ತಣ್ಣೀರಿಗೆ ಒಗೆದು ನೆರಳಿನಲ್ಲಿ ಒಣಗಿಸಿ. ಬಿಸಿಲು ನೇರ ಹೊಡೆಯುವ ಪಡುವಣ ಕಿಟಕಿಗೆ ಗಾಢ ಬಣ್ಣ ಬೇಡ, ಮಡಿಕೆಯ ಗೆರೆಗಳಲ್ಲಿ ಮಾಸುತ್ತದೆ.

ಪರದೆಯ ಲೆಕ್ಕ ತಪ್ಪುವವರೇ ಹೆಚ್ಚು. 4 ಅಡಿ ಅಗಲ, 4 ಅಡಿ ಎತ್ತರದ ಕಿಟಕಿ ಎಂದಿಟ್ಟುಕೊಳ್ಳಿ. ನೆರಿಗೆ ತುಂಬಿ ಬರಲು ಅಗಲದ ಸುಮಾರು ಎರಡರಷ್ಟು ಬೇಕು, ಹಾಗಾಗಿ 45 ಇಂಚು ಪನ್ನದ ಎರಡು ತುಂಡು. ಉದ್ದಕ್ಕೆ ಕಿಟಕಿಯ 122 ಸೆಂ.ಮೀ., ಮೇಲೆ ಸರಳಿನ ತನಕ 10, ಕೆಳಗೆ 15, ಮೇಲಿನ ಕೆಳಗಿನ ಮಡಿಕೆಗೆ ಹತ್ತು ಹತ್ತು. ಒಟ್ಟು 167. ಹತ್ತಿ ಕುಗ್ಗುವುದಕ್ಕೆ ಶೇಕಡಾ 5 ಸೇರಿಸಿದರೆ 175 ಸೆಂ.ಮೀ. ಎರಡು ತುಂಡಿಗೆ ಮೂರೂವರೆ ಮೀಟರ್. ಕತ್ತರಿಸುವ ಮುಂಚೆ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ಹೊಲಿಸಿದ ಮೇಲೆ ಕುಗ್ಗಿದರೆ ಮಾಡುವುದೇನೂ ಉಳಿಯದು. ನೆಲ ಮುಟ್ಟುವ ಪರದೆ ನೋಡಲು ಚೆಂದ, ಮಲೆನಾಡಿನಲ್ಲಿ ಅದರ ಅಂಚು ನೆಲದ ತೇವ ಹೀರಿ ಕಪ್ಪಾಗುತ್ತದೆ. ಎರಡು ಬೆರಳು ಮೇಲೆಯೇ ನಿಲ್ಲಲಿ.

ತೋಟದಿಂದ ಬರುವ ಸಿಂಗಾರ

ಜರಿಗಿಡ, ಆಂಥೂರಿಯಂ ಜಗಲಿಯ ನೆರಳಿನಲ್ಲಿ ಯಾವ ಆರೈಕೆಯೂ ಕೇಳದೆ ಬೆಳೆಯುತ್ತವೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡವನ್ನು ಕಾಡಿನ ಮರದಿಂದ ಕಿತ್ತು ತರಬೇಡಿ. ಬೇರು ಹರಿದ ಗಿಡ ಮನೆಯಲ್ಲಿ ಬಹುಮಟ್ಟಿಗೆ ಸಾಯುತ್ತದೆ, ಕಾಡಿನಲ್ಲೂ ಇಲ್ಲವಾಗುತ್ತದೆ. ತಾನಾಗಿ ಬಿದ್ದ ಕೊಂಬೆಯಲ್ಲಿ ಸಿಕ್ಕಿದ್ದರೆ ತೋಟದ ಮರಕ್ಕೆ ಬಾಳೆನಾರಿನಿಂದ ಕಟ್ಟಿ, ಹೂ ಬಿಟ್ಟಾಗ ಜಗಲಿಯಿಂದ ಕಾಣುವ ಹಾಗೆ. ಹಬ್ಬದ ದಿನ ಬಾಗಿಲ ಎರಡೂ ಕಡೆ ತಾಮ್ರದ ಬಿಂದಿಗೆಯಲ್ಲಿ ಅಡಿಕೆಯ ಹಸಿ ಸಿಂಗಾರ (ಹೂಗೊಂಚಲು) ಇಟ್ಟರೆ ಬೇರೆ ತೋರಣ ಬೇಡ. ಪ್ಲಾಸ್ಟಿಕ್ ಹೂವಿಗೆ ಈ ಹವೆಯಲ್ಲಿ ದೂಳೂ ತೇವವೂ ಸೇರಿ ಜಿಗುಟು ಕಪ್ಪು ಹಿಡಿಯುತ್ತದೆ, ತೊಳೆದರೂ ಹೋಗದು.

ಮಳೆಗೆ ಮುಂಚೆ, ಮಳೆಯ ನಡುವೆ

ಮೇ ಕೊನೆಯ ವಾರದ ಬಿಸಿಲಿನಲ್ಲಿ ಬುಟ್ಟಿ, ಚೌಕಟ್ಟು, ದಿಂಬು ಎಲ್ಲವನ್ನೂ ಒಂದು ದಿನ ಅಂಗಳಕ್ಕೆ ತನ್ನಿ. ಚಿತ್ರದ ಮುಖ ಮಾತ್ರ ನೆರಳಿಗೆ, ಹಿಂಬದಿ ಬಿಸಿಲಿಗೆ. ಕೋಣೆಯಲ್ಲಿ ತೇವ ತೋರಿಸುವ ಸಣ್ಣ ಮಾಪಕವೊಂದನ್ನು ಇಟ್ಟುಕೊಳ್ಳಿ. ಅದು ದಿನಗಟ್ಟಲೆ 70 ಶೇಕಡಾ ಮೀರಿ ನಿಂತರೆ ಬೂಸ್ಟಿಗೆ ಹದವಾದ ಹವೆ. ಆಗ ಪುಸ್ತಕ, ಬಟ್ಟೆ, ಕಾಗದದ ಚಿತ್ರಗಳನ್ನು ಹೊರಗೋಡೆಯಿಂದ ತೆಗೆದು ಒಳಗೋಡೆಗೆ, ಅಡುಗೆಮನೆಯ ಕಾವು ತಾಗುವ ಕಡೆಗೆ ಸರಿಸಿ. ಬೂಸ್ಟು ಕಂಡರೆ ಮನೆಯೊಳಗೆ ಕೊಡವಬೇಡಿ, ಅದರ ಪುಡಿ ಹಾರಿ ಎಲ್ಲೆಲ್ಲೂ ಕೂರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಒಯ್ದು, ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ. ಈ ಹುಳಿನೀರು ಸುಣ್ಣದ ಗೋಡೆಗೂ ಹಿತ್ತಾಳೆಗೂ ಕೆಮ್ಮಣ್ಣಿನ ಹಲಗೆಗೂ ತಾಗಬಾರದು. ಹಲಗೆಗೆ ಒಣ ಕುಂಚವೇ ಸಾಕು. ಮಖೆ ಮಳೆ ಕಳೆದು ಬಿಸಿಲು ಬಿದ್ದ ಮೊದಲ ದಿನ ಚೌಕಟ್ಟುಗಳನ್ನು ಇಳಿಸಿ ಹಿಂಬದಿ ನೋಡಿ, ರಬ್ಬರು ಚೂರು ಬಿದ್ದಿದ್ದಲ್ಲಿ ಮತ್ತೆ ಅಂಟಿಸಿ ತೂಗುಹಾಕಿ.